ಬೆಳಕಿಗಾಗಿ ಕಾಯುವುದು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಛಾಯಾಚಿತ್ರಕಲೆಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ಬ್ಯಾಂಕಿನ ಗುಮಾಸ್ತ, ಬಿ.ಕಾಂ. ಓದಿದವನು, ಜಮಾ-ಖರ್ಚು ಬಲ್ಲೆ. ಈ ಕಲೆಯಲ್ಲಂತೂ ನನ್ನದು ಖರ್ಚಿನ ಬಾಬೇ ಹೆಚ್ಚು. ಆ ತಪ್ಪುಗಳ ಲೆಕ್ಕವನ್ನೇ ತಮ್ಮ ಮುಂದೆ ಒಪ್ಪಿಸುತ್ತೇನೆ.

ಈ ಕಲೆ ಕಣ್ಣು ಬಿಟ್ಟದ್ದೇ ಕದಲದ ವಸ್ತುಗಳ ಮೇಲೆ. ಫ್ರಾನ್ಸಿನ ನಿಯೆಪ್ಸ್ 1826-27ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ ಕಾಣುವ ಮಾಡುಗಳ ಚಿತ್ರ ತೆಗೆದ. ಅದು ಮೂಡಲು ಹಲವು ತಾಸಿನ ಬೆಳಕು ಬೇಕಾಯಿತು. ಅಷ್ಟು ಹೊತ್ತು ಮನುಷ್ಯರು ಅಲುಗದೆ ಕೂತಾರೆಯೇ? ಇಂದು ಕೈಯಲ್ಲಿರುವ ಮೊಬೈಲು ರೆಪ್ಪೆ ಬಡಿಯುವುದರೊಳಗೆ ಚಿತ್ರ ತೆಗೆಯುತ್ತದೆ. ಆದರೆ ಬೆಳಕಿಗಾಗಿ ಕಾಯುವ ಕೆಲಸ ಮಾತ್ರ ಇಂದಿಗೂ ನಮ್ಮದೇ.

ಮೊದಲು ಮನೆಯೊಳಗಿನ ವಸ್ತು. ಊರಿನಿಂದ ತಂದ ಹಿತ್ತಾಳೆಯ ತಂಬಿಗೆಯೊಂದು ನಮ್ಮ ಡೊಂಬಿವಲಿಯ ಮನೆಯಲ್ಲಿದೆ. ಒಂದು ರಾತ್ರಿ ಫ್ಲ್ಯಾಶ್ ಹಾಕಿ ಅದರ ಚಿತ್ರ ತೆಗೆದೆ. ತಂಬಿಗೆಯ ಹೊಟ್ಟೆಯ ಮೇಲೊಂದು ಬಿಳಿ ಮಚ್ಚೆ. ಹಿಂದೆ ಗ್ಯಾಸ್ ಸಿಲಿಂಡರು. ಅವ್ವ ನೋಡಿ, "ಇದ್ಯಾರ ಮನೀ ತಂಬಿಗಿನೋ?" ಎಂದಳು.

ಮರುದಿನ ರವಿವಾರ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕಕ್ಕೆ ಸ್ಟೂಲು ಎಳೆದು ತಂಬಿಗೆ ಇಟ್ಟೆ. ಹಿಂದೆ ಕಂದು ಕಂಬಳಿ ಇಳಿಬಿಟ್ಟೆ. ನೆರಳು ತೀರ ಕಪ್ಪಾಗದಂತೆ ಕಿಟಕಿಗೆ ಎದುರು ಬದಿಯಲ್ಲಿ ಬಿಳಿ ಹಾಳೆಯೊಂದನ್ನು ನಿಲ್ಲಿಸಿದೆ. ಮೊಬೈಲನ್ನು ಪುಸ್ತಕಗಳಿಗೆ ಆನಿಸಿ, ಕೈ ಅಲುಗಿದ ದೋಷ ಬಾರದಂತೆ ಟೈಮರ್ ಹಾಕಿದೆ. ಪರದೆಯ ಮೇಲೆ ಹಿತ್ತಾಳೆಯ ಹೊಳೆಯುವ ಭಾಗವನ್ನು ಮುಟ್ಟಿ ಬೆಳಕನ್ನು ತುಸು ತಗ್ಗಿಸಿದೆ. ಎದುರಿನಿಂದ ಬಿದ್ದ ಬೆಳಕು ವಸ್ತುವನ್ನು ಚಪ್ಪಟೆ ಮಾಡುತ್ತದೆ. ಪಕ್ಕದಿಂದ ಬಂದ ಬೆಳಕು ಉಬ್ಬು ತಗ್ಗುಗಳನ್ನು ಎತ್ತಿ ತೋರಿಸುತ್ತದೆ. ಅವ್ವ ಈ ಸಲ ಕನ್ನಡಕ ತರಿಸಿಕೊಂಡಳು. "ಈ ತಗ್ಗು ನೋಡು, ನೀ ಸಣ್ಣಾಂವ ಇದ್ದಾಗ ಬಾವಿ ಕಟ್ಟಿ ಮ್ಯಾಲಿಂದ ಕೆಡವಿದ್ದು" ಎಂದಳು.

ಇನ್ನು ಬಯಲಿನ ದೃಶ್ಯ. ಇಲ್ಲಿ ನನ್ನ ನಷ್ಟ ದೊಡ್ಡದು. ಧಾರವಾಡದ ಕಡೆಯ ನಮ್ಮ ಊರಿನ ಮನೆಯನ್ನು 2019ರಲ್ಲಿ ಮಾರಿದೆವು. ಕೊನೆಯ ದಿನ ಬಸ್ಸಿನ ಅವಸರದಲ್ಲಿ ನಡು ಮಧ್ಯಾಹ್ನ ಒಂದೇ ಚಿತ್ರ ತೆಗೆದೆ. ಆಕಾಶ ಸುಣ್ಣದಂತೆ ಬಿಳಿ, ಪಡಸಾಲೆ ಮಸಿಯಂತೆ ಕಪ್ಪು. ಅಜ್ಜ ಕೂಡುತ್ತಿದ್ದ ಕಟ್ಟೆ ಆ ಕಪ್ಪಿನಲ್ಲೇ ಮುಳುಗಿದೆ. ಪಶ್ಚಿಮಕ್ಕೆ ಬಾಗಿಲಿದ್ದ ಮನೆ ಅದು. ಸಂಜೆಯವರೆಗೆ ಕಾದಿದ್ದರೆ ಬಿಸಿಲು ತಾನೇ ಒಳಗೆ ಬಂದು ಕಟ್ಟೆಯನ್ನು ತೋರಿಸುತ್ತಿತ್ತು. ಈಗ ಆ ಮನೆಯೇ ಇಲ್ಲ.

ಆದಕಾರಣ ನನ್ನ ಅರಿಕೆ ಇಷ್ಟು. ಸೂರ್ಯ ಹುಟ್ಟಿದ ಮೇಲಿನ ಒಂದು ತಾಸು, ಮುಳುಗುವ ಮುಂಚಿನ ಒಂದು ತಾಸು: ಇವೇ ಶುಭಮುಹೂರ್ತ. ಆಕಾಶ ಭೂಮಿ ಕೂಡುವ ಗೆರೆ ಓರೆಯಾಗದಿರಲಿ. ಅದು ಚಿತ್ರವನ್ನು ಸರಿಪಾಲು ಮಾಡುವುದೂ ಬೇಡ. ಮೋಡ ಚೆಂದವಿದ್ದರೆ ಆಕಾಶಕ್ಕೆ ಎರಡು ಪಾಲು, ಇಲ್ಲವಾದರೆ ನೆಲಕ್ಕೆ. ಮುಂದುಗಡೆ ಒಂದು ಕಲ್ಲೋ, ಹೊಲದ ಬದುವೋ, ಬಂಡಿಯ ಜಾಡೋ ಇದ್ದರೆ ಕಣ್ಣು ಅದನ್ನು ಹಿಡಿದು ಒಳಗೆ ನಡೆಯುತ್ತದೆ. ಕ್ಯಾಮರಾ ಉಳ್ಳವರು ಅದನ್ನು ಮುಕ್ಕಾಲಿಯ ಮೇಲಿಟ್ಟು, ಎಫ್ 8 ಅಥವಾ 11ರಲ್ಲಿ ತೆಗೆದರೆ ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗಿ ಬರುತ್ತವೆ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದಿಟ್ಟ. ಅದರಲ್ಲಿ ಕಲ್ಲಿನ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿದೆ. ಇಂದು ಹಂಪಿಗೆ ಹೋದವರಿಗೆ ಆ ಗೋಪುರ ಕಾಣದು, ಚಿತ್ರದಲ್ಲಿ ಉಳಿದಿದೆ.

ನಾವು ಊರು ಬಿಟ್ಟು ಬಂದವರು. ಈ ದೀಪಾವಳಿಗೆ ಊರಿಗೆ ಹೋದಾಗ ಕಿಟಕಿಯ ಬಳಿ ಒಂದು ಪಾತ್ರೆ, ಇಳಿಬಿಸಿಲಿನಲ್ಲಿ ಒಂದು ಮನೆ, ಇವೆರಡರ ಚಿತ್ರ ತೆಗೆಯಿರಿ. ಮನೆಯ ಹಿರಿಯರಿಗೆ ತೋರಿಸಿ, ಅವರು ಹೇಳಿದ್ದನ್ನು ಬರೆದಿಡಿ. ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ.