ನಿಲ್ಲಿಸಿದ ಹೃದಯದ ರಕ್ಷಣೆ

ಹೃದಯದ ಶಸ್ತ್ರಕ್ರಿಯೆ ಎಂಬ ಮಾತು ನಮ್ಮ ಊರುಗಳಲ್ಲಿ ಈಗ ಅಪರೂಪದ್ದಾಗಿ ಉಳಿದಿಲ್ಲ. ಒಂದು ಮನೆಯಲ್ಲಿ ಹಿರಿಯರಿಗೆ ಬೈಪಾಸ್ ಆಗಿರುತ್ತದೆ. ಇನ್ನೊಂದು ಮನೆಯಲ್ಲಿ ಮಗುವಿನ ಹೃದಯದಲ್ಲಿದ್ದ ರಂಧ್ರವನ್ನು ಮುಚ್ಚಿರುತ್ತಾರೆ. ಆದರೂ ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವ ಹೊತ್ತಿನಲ್ಲಿ ಮನೆಯವರ ಕೈ ತಡೆಯುವುದು ಒಂದೇ ಮಾತಿಗೆ: “ಹೃದಯವನ್ನು ನಿಲ್ಲಿಸಿಬಿಡುತ್ತಾರಂತೆ. ನಿಂತದ್ದು ಮತ್ತೆ ಹೊರಡದಿದ್ದರೆ?”

ಈ ಅಂಜಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಇದೇ ಪ್ರಶ್ನೆ ಶಸ್ತ್ರವೈದ್ಯರನ್ನೂ ಬಹುಕಾಲ ಕಾಡಿತು. ಅದಕ್ಕೆ ಅವರು ಉತ್ತರ ಕಂಡುಕೊಂಡ ಬಗೆಯನ್ನು ಈ ಭಾಷಣದಲ್ಲಿ ತಿಳಿಸಬೇಕೆಂದಿದ್ದೇನೆ.

ಮೊದಲು ಹೃದಯದ ಸಂಸಾರವನ್ನು ಸ್ವಲ್ಪ ನೋಡೋಣ. ಬೆಳೆದ ಮನುಷ್ಯನ ಹೃದಯ ಸುಮಾರು ೩೦೦ ಗ್ರಾಂ ತೂಗುವ ಒಂದು ಸ್ನಾಯುವಿನ ಚೀಲ. ದಿನವೊಂದಕ್ಕೆ ಅದು ಹೆಚ್ಚುಕಡಮೆ ಒಂದು ಲಕ್ಷ ಸಲ ಬಡಿಯುತ್ತದೆ. ಅದರ ಒಳಗೆ ಸದಾ ರಕ್ತ ತುಂಬಿದ್ದರೂ ಆ ರಕ್ತದಿಂದ ಹೃದಯದ ದಪ್ಪ ಗೋಡೆಗೆ ಆಹಾರ ದೊರೆಯದು. ಮದುವೆಯ ಮನೆಯಲ್ಲಿ ಅಡಿಗೆಯವನು ಊರಿಗೆಲ್ಲ ಬಡಿಸಿದರೂ ತನಗೆ ಬೇರೆ ಎಲೆ ಹಾಕಿಕೊಂಡೇ ಉಣ್ಣಬೇಕಷ್ಟೆ. ಹಾಗೆಯೇ ಹೃದಯವೂ ತಾನು ಹೊರಕ್ಕೆ ದೂಡಿದ ರಕ್ತದಲ್ಲಿ ತನ್ನ ಪಾಲನ್ನು ಎರಡು ಪುಟ್ಟ ನಾಳಗಳಿಂದ ಪಡೆಯುತ್ತದೆ. ಇವು ಮಹಾಪಧಮನಿಯ ಬುಡದಲ್ಲಿಯೇ ಹುಟ್ಟುವ ಕರೋನರಿ ನಾಳಗಳು. ಇವುಗಳಲ್ಲಿ ರಕ್ತ ನಿಂತರೆ ಹೃದಯದ ಸ್ನಾಯು ಹಸಿದು ಸಾಯತೊಡಗುತ್ತದೆ.

ಹೃದಯವನ್ನು ತೆರೆದು ರಂಧ್ರಕ್ಕೆ ಹೊಲಿಗೆ ಹಾಕಬೇಕಾದರೆ, ಅದು ಅಲುಗಾಡದೆ ಇರಬೇಕು. ಒಳಗೆ ರಕ್ತವೂ ಇರಬಾರದು. ಆದರೆ ರಕ್ತಸಂಚಾರ ನಿಂತು ನಾಲ್ಕೈದು ನಿಮಿಷವಾದರೆ ಮಿದುಳಿಗೇ ಅಪಾಯ. ಈ ಸಂಕಟದಿಂದ ಪಾರಾಗಲು ಮೊದಲು ಹೊಳೆದ ದಾರಿ ತಂಪು. ಮೈ ತಣ್ಣಗಾದಷ್ಟೂ ಅದರ ಆಮ್ಲಜನಕದ ಬೇಡಿಕೆ ತಗ್ಗುತ್ತದೆ ಎಂಬುದನ್ನು ಕೆನಡ ದೇಶದ ಟೊರಾಂಟೋದಲ್ಲಿ ವಿಲ್‌ಫ್ರೆಡ್ ಬಿಗೆಲೊ ನಾಯಿಗಳ ಮೇಲೆ ಪ್ರಯೋಗ ನಡೆಸಿ ೧೯೫೦ರಲ್ಲಿ ತೋರಿಸಿಕೊಟ್ಟರು. ೧೯೫೨ರ ಸೆಪ್ಟೆಂಬರ್ ೨ರಂದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಜಾನ್ ಲೂಯಿಸ್ ಐದು ವರ್ಷದ ಹುಡುಗಿಯೊಬ್ಬಳ ಮೈಯನ್ನು ಹೀಗೆ ತಂಪುಗೊಳಿಸಿ, ಕೆಲವೇ ನಿಮಿಷಗಳ ಬಿಡುವಿನಲ್ಲಿ ಅವಳ ಹೃದಯದ ರಂಧ್ರವನ್ನು ಮುಚ್ಚಿದರು. ಹುಡುಗಿ ಬದುಕಿದಳು.

ಕೆಲವು ನಿಮಿಷಗಳಲ್ಲಿ ಆಗುವ ಕೆಲಸ ಸ್ವಲ್ಪವೇ. ೧೯೫೩ರ ಮೇ ೬ರಂದು ಫಿಲಡೆಲ್ಫಿಯದಲ್ಲಿ ಜಾನ್ ಗಿಬ್ಬನ್ ತಾವು ವರ್ಷಾನುಗಟ್ಟಲೆ ದುಡಿದು ರೂಪಿಸಿದ ಯಂತ್ರವನ್ನು ಹದಿನೆಂಟು ವರ್ಷದ ತರುಣಿಯೊಬ್ಬಳ ಶಸ್ತ್ರಕ್ರಿಯೆಯಲ್ಲಿ ಬಳಸಿ ಗೆದ್ದರು. ಮೈಯಿಂದ ಬರುವ ರಕ್ತಕ್ಕೆ ಆಮ್ಲಜನಕ ಕೂಡಿಸಿ ಮತ್ತೆ ಮೈಗೆ ದೂಡುವ ಈ ಯಂತ್ರ ೨೬ ನಿಮಿಷ ಅವಳ ಹೃದಯದ ಮತ್ತು ಶ್ವಾಸಕೋಶದ ಕೆಲಸವನ್ನು ತಾನೇ ನಡೆಸಿತು.

ಇನ್ನೇನು, ಕಷ್ಟವೆಲ್ಲ ಕಳೆಯಿತು ಎನಿಸಬಹುದು. ಆದರೆ ಅಲ್ಲೇ ಒಂದು ತೊಡಕಿತ್ತು. ಹೃದಯದೊಳಗೆ ರಕ್ತ ಬರದಂತೆ ಮಾಡಲು ಮಹಾಪಧಮನಿಗೆ ಕ್ಲಾಂಪ್ ಹಾಕಿ ಹಿಡಿಯಬೇಕು. ಆಗ ಯಂತ್ರದ ರಕ್ತ ಮಿದುಳಿಗೂ ಮೂತ್ರಪಿಂಡಕ್ಕೂ ಕೈಕಾಲುಗಳಿಗೂ ಹೋಗುತ್ತದೆ. ಕ್ಲಾಂಪಿನ ಈಚೆಗೆ ಉಳಿದ ಕರೋನರಿ ನಾಳಗಳಿಗೆ ಮಾತ್ರ ಹೋಗದು. ಇಡೀ ಮೈಯನ್ನು ಸಾಕುವ ಯಂತ್ರ ಹೃದಯವೊಂದನ್ನು ಉಪವಾಸ ಕೆಡವುತ್ತಿತ್ತು. ರಕ್ಷಣೆ ಬೇಕಾದುದು ಈಗ ಹೃದಯಕ್ಕೇ.

ಇದಕ್ಕೆ ಬೇಕಾದ ಸುಳಿವು ಎಪ್ಪತ್ತು ವರ್ಷಗಳಷ್ಟು ಹಿಂದೆಯೇ ಸಿಕ್ಕಿತ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯರು ೧೮೮೨ರ ಸುಮಾರಿನಲ್ಲಿ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಮಿಡಿಯುವಂತೆ ಇಟ್ಟು ಪರೀಕ್ಷಿಸುತ್ತಿದ್ದರು. ಭಟ್ಟಿ ಇಳಿಸಿದ ನೀರಿನ ಬದಲು ಸಹಾಯಕ ನಲ್ಲಿಯ ನೀರನ್ನೇ ಬಳಸಿಬಿಟ್ಟಿದ್ದನೆಂಬುದು ಆಮೇಲೆ ತಿಳಿಯಿತು. ಹೃದಯವನ್ನು ಮಿಡಿಸಿದ್ದು ಆ ನೀರಿನಲ್ಲಿದ್ದ ಕ್ಯಾಲ್ಸಿಯಂ. ಉಪ್ಪಿನ ಒಂದೊಂದು ಅಂಶವನ್ನೂ ರಿಂಗರ್ ಬೇರೆಬೇರೆಯಾಗಿ ಪರೀಕ್ಷಿಸಿದರು. ಪೊಟ್ಯಾಸಿಯಂ ಹೆಚ್ಚಾದರೆ ಹೃದಯ ಸಡಿಲಗೊಂಡು ನಿಂತುಬಿಡುತ್ತದೆ ಎಂಬುದೂ ಆಗ ಕಂಡುಬಂದಿತು. ಇಂದಿಗೂ ಆಸ್ಪತ್ರೆಗಳಲ್ಲಿ ಕೊಡುವ ರಿಂಗರ್ ದ್ರಾವಣಕ್ಕೆ ಇವರದೇ ಹೆಸರು.

ಪೊಟ್ಯಾಸಿಯಂ ನಮಗೆ ಅಪರಿಚಿತ ವಸ್ತುವಲ್ಲ. ಎಳನೀರಿನಲ್ಲಿದೆ, ಬಾಳೆಹಣ್ಣಿನಲ್ಲಿದೆ. ಜೀವಕೋಶಗಳ ಒಳಗೆ ಅದು ಹೇರಳ. ಹೊರಗಿನ ರಕ್ತದಲ್ಲಿ ಲೀಟರಿಗೆ ಸುಮಾರು ೪ ಮಿಲಿಮೋಲ್ ಮಾತ್ರ. ಒಳಗೂ ಹೊರಗೂ ಇರುವ ಈ ಏರುಪೇರಿನ ಬಲದಿಂದಲೇ ಕೋಶಗಳ ಪೊರೆಯಲ್ಲಿ ವಿದ್ಯುತ್ತಿನ ಅಲೆ ಹರಿದು ಹೃದಯ ಮಿಡಿಯುತ್ತದೆ. ಹೊರಗಿನ ಪೊಟ್ಯಾಸಿಯಂ ಹಲವು ಪಟ್ಟು ಏರಿದರೆ ಆ ಅಲೆ ಏಳುವುದೇ ಇಲ್ಲ. ಸ್ನಾಯು ಸಡಿಲಗೊಂಡು ಸುಮ್ಮನಾಗುತ್ತದೆ. ತೊಳೆದುಹೋದರೆ ಮತ್ತೆ ಮಿಡಿಯುತ್ತದೆ.

ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಡೆನಿಸ್ ಮೆಲ್‌ರೋಸ್ ಮತ್ತು ಅವರ ಸಂಗಡಿಗರು ೧೯೫೫ರಲ್ಲಿ ಈ ಗುಣವನ್ನು ಶಸ್ತ್ರಕ್ರಿಯೆಗೆ ತಂದರು. ಪೊಟ್ಯಾಸಿಯಂ ಸಿಟ್ರೇಟನ್ನು ರಕ್ತದಲ್ಲಿ ಬೆರೆಸಿ ಮಹಾಪಧಮನಿಯ ಬುಡಕ್ಕೆ ಬಿಟ್ಟರೆ, ಹೃದಯ ನಿಲ್ಲುತ್ತಿತ್ತು. ಶಸ್ತ್ರವೈದ್ಯರು ಇದನ್ನು ಉತ್ಸಾಹದಿಂದ ಸ್ವಾಗತಿಸಿದರು. ಆದರೆ ಕೆಲವೇ ವರ್ಷಗಳಲ್ಲಿ ಹೃದಯದ ಸ್ನಾಯುವಿನಲ್ಲಿ ಸತ್ತ ಭಾಗಗಳು ಕಾಣಿಸಿಕೊಂಡು, ಈ ಕ್ರಮ ಮೂಲೆಗೆ ಬಿದ್ದಿತು. ಪೊಟ್ಯಾಸಿಯಂ ಎಂದರೆ ವಿಷ ಎಂಬ ಅಪಕೀರ್ತಿ ಅದಕ್ಕೆ ಅಂಟಿಕೊಂಡಿತು.

ಮುಂದಿನ ಹತ್ತು ಹದಿನೈದು ವರ್ಷ ಅನೇಕರು ತಂಪನ್ನೇ ನಂಬಿದರು. ಸ್ಟ್ಯಾನ್‌ಫರ್ಡ್‌ನಲ್ಲಿ ನಾರ್ಮನ್ ಶಂವೇ ಹೃದಯದ ಸುತ್ತ ಹಿಮದಷ್ಟು ತಣ್ಣಗಿನ ಉಪ್ಪುನೀರನ್ನು ಹರಿಸಿದರು. ಬೇರೆ ಕೆಲವರು ಕ್ಲಾಂಪ್ ಹಾಕಿ ಆದಷ್ಟು ಬೇಗ ಕೆಲಸ ಮುಗಿಸುತ್ತಿದ್ದರು. ಇಂಥ ಶಸ್ತ್ರಕ್ರಿಯೆಗಳ ಒಂದು ಘೋರ ಪರಿಣಾಮವನ್ನು ಹ್ಯೂಸ್ಟನ್ನಿನ ಡೆಂಟನ್ ಕೂಲಿ ಮತ್ತು ಸಂಗಡಿಗರು ೧೯೭೨ರಲ್ಲಿ ವರದಿ ಮಾಡಿದರು. ಹೊಲಿಗೆಯೆಲ್ಲ ಸರಿಯಾಗಿ ಮುಗಿದು ರಕ್ತ ಬಿಟ್ಟಾಗ ಕೆಲವರ ಹೃದಯ ಬಿಗಿದುಕೊಂಡು ಗಟ್ಟಿಯಾಗಿರುತ್ತಿತ್ತು; ಏನು ಮಾಡಿದರೂ ಸಡಿಲಗೊಳ್ಳುತ್ತಿರಲಿಲ್ಲ. ಅದಕ್ಕೆ ಅವರಿಟ್ಟ ಹೆಸರು ಕಲ್ಲು ಹೃದಯ. ಕೋಶದಲ್ಲಿ ಶಕ್ತಿಯ ದಾಸ್ತಾನು ಬರಿದಾದರೆ ಸ್ನಾಯುವಿಗೆ ಸಡಿಲಗೊಳ್ಳುವುದಕ್ಕೂ ತ್ರಾಣವಿರದು. ನಿಮ್ಮ ಮನೆಯವರು ಕೇಳುವ “ಮತ್ತೆ ಹೊರಡದಿದ್ದರೆ?” ಎಂಬ ಪ್ರಶ್ನೆ ಇಂಥ ಹೊತ್ತಿನಲ್ಲಿ ಶಸ್ತ್ರಶಾಲೆಯೊಳಗೇ ನಿಜವಾಗುತ್ತಿತ್ತು.

ಮೂಲೆಗೆ ಬಿದ್ದ ಪೊಟ್ಯಾಸಿಯಂ ಆಗ ಮತ್ತೆ ನೆನಪಿಗೆ ಬಂದಿತು. ಜರ್ಮನಿಯಲ್ಲಿ ಬ್ರೆಟ್‌ಶ್ನೈಡರ್ ಎಂಬ ವಿಜ್ಞಾನಿ ಈ ನಡುವೆ ಸೋಡಿಯಂ ಕಡಮೆ ಇರುವ ದ್ರಾವಣಗಳಿಂದ ಹೃದಯವನ್ನು ನಿಲ್ಲಿಸುವ ಬೇರೊಂದು ದಾರಿಯನ್ನು ಹಿಡಿದಿದ್ದರು. ೧೯೭೩ರಲ್ಲಿ ಅಮೆರಿಕದ ಗೇ ಮತ್ತು ಎಬರ್ಟ್ ಎಂಬಿಬ್ಬರು ಪೊಟ್ಯಾಸಿಯಮ್ಮಿನ ಪ್ರಮಾಣವನ್ನು ಬಹಳವಾಗಿ ತಗ್ಗಿಸಿ ನೋಡಿದರು. ಹೃದಯ ನಿಂತಿತು, ಕೆಡಲಿಲ್ಲ. ತಪ್ಪು ಪೊಟ್ಯಾಸಿಯಮ್ಮಿನದಾಗಿರದೆ ಅಳತೆಯದಾಗಿತ್ತು. ಮೆಲ್‌ರೋಸ್ ಬಳಸಿದ ಪ್ರಮಾಣ ಇಂದಿನದಕ್ಕಿಂತ ಹತ್ತು ಪಟ್ಟಿಗೂ ಮಿಗಿಲು. ಅತಿಯಾದರೆ ಅಮೃತವೂ ವಿಷವೆನ್ನುತ್ತಾರೆ. ಇಲ್ಲಿ ಅಳತೆಯಲ್ಲಿಟ್ಟ ವಿಷ ಮದ್ದಾಯಿತು.

ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಸಂಶೋಧಕ ಡೇವಿಡ್ ಹರ್ಸ್ ಮತ್ತು ಶಸ್ತ್ರವೈದ್ಯ ಮಾರ್ಕ್ ಬ್ರೇಂಬ್ರಿಜ್ ಕೂಡಿ ಇಲಿಯ ಹೃದಯದ ಮೇಲೆ ಒಂದೊಂದು ಅಂಶವನ್ನೂ ತೂಗಿ ನೋಡಿದರು. ೧೯೭೬ರಲ್ಲಿ ಪ್ರಕಟವಾದ ಅವರ ಕೆಲಸದಿಂದ ಬಂದ ದ್ರಾವಣಗಳಲ್ಲಿ ಪೊಟ್ಯಾಸಿಯಂ ಲೀಟರಿಗೆ ೧೬ರಿಂದ ೨೦ ಮಿಲಿಮೋಲ್. ಜೊತೆಗೆ ಮೆಗ್ನೀಸಿಯಂ, ಸ್ವಲ್ಪ ಕ್ಯಾಲ್ಸಿಯಂ. ಸೇಂಟ್ ಥಾಮಸ್ ದ್ರಾವಣ ಎಂಬ ಹೆಸರಿನಿಂದ ಅದು ದೇಶದೇಶಗಳಿಗೆ ಹಬ್ಬಿತು. ಹೃದಯವನ್ನು ಹೀಗೆ ಔಷಧದಿಂದ ಸ್ತಬ್ಧಗೊಳಿಸುವುದಕ್ಕೆ ವೈದ್ಯರು ಕಾರ್ಡಿಯೋಪ್ಲೀಜಿಯ ಎನ್ನುತ್ತಾರೆ.

ಸ್ತಬ್ಧತೆಯಿಂದ ಹೃದಯಕ್ಕೆ ಲಾಭವೇನು? ಇದನ್ನು ಲಾಸ್ ಏಂಜಲೀಸಿನ ಜೆರಾಲ್ಡ್ ಬಕ್‌ಬರ್ಗ್ ಮತ್ತು ಸಂಗಡಿಗರು ಅಳೆದು ತೋರಿಸಿದರು. ದುಡಿಯುವ ಹೃದಯಕ್ಕೆ ಬೇಕಾದ ಆಮ್ಲಜನಕದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು, ಅದು ಬರಿದಾಗಿ ನಿಂತ ಮಾತ್ರಕ್ಕೇ ಉಳಿಯುತ್ತದೆ. ತಂಪು ಮಾಡಿದರೆ ಉಳಿಯುವುದು ಮಿಕ್ಕ ಒಂದು ಪಾಲಿನಲ್ಲಿ ಮಾತ್ರ. ಕೇಳುವವರಿಗೆ ನಿಲ್ಲಿಸುವುದೇ ಅಪಾಯವೆಂದು ತೋರುತ್ತದೆ. ಹೃದಯದ ಲೆಕ್ಕದಲ್ಲಿ ರಕ್ತವಿಲ್ಲದ ಹೊತ್ತಿನಲ್ಲಿ ಬಡಿಯುತ್ತಿರುವುದೇ ಅಪಾಯ. ಬರಗಾಲದಲ್ಲಿ ಹೊಟ್ಟೆಗಿಲ್ಲದವನನ್ನು ದುಡಿಸುವುದಕ್ಕಿಂತ ನೆರಳಿನಲ್ಲಿ ಮಲಗಿಸುವುದು ಮೇಲಲ್ಲವೆ? ಬಕ್‌ಬರ್ಗ್ ಇನ್ನೊಂದು ಹೆಜ್ಜೆ ಮುಂದಿಟ್ಟು, ಔಷಧವನ್ನು ಬರಿಯ ನೀರಿನಲ್ಲಿ ಕೊಡುವ ಬದಲು ರೋಗಿಯ ರಕ್ತದಲ್ಲಿಯೇ ಬೆರೆಸಿ ಕೊಡುವ ಕ್ರಮವನ್ನು ಬಳಕೆಗೆ ತಂದರು. ನಿಂತ ಹೃದಯಕ್ಕೂ ನಡುನಡುವೆ ಒಂದೊಂದು ತುತ್ತು ಸಿಕ್ಕಂತಾಯಿತು.

ಈಗ ಶಸ್ತ್ರಶಾಲೆಯಲ್ಲಿ ನಡೆಯುವುದನ್ನು ಕೇಳಿ. ರೋಗಿಯ ರಕ್ತಸಂಚಾರವನ್ನು ಯಂತ್ರಕ್ಕೆ ಒಪ್ಪಿಸಿ ಮಹಾಪಧಮನಿಗೆ ಕ್ಲಾಂಪ್ ಹಾಕುತ್ತಾರೆ. ಅದರ ಬುಡದಲ್ಲಿ ದ್ರಾವಣವನ್ನು ಬಿಡುತ್ತಾರೆ. ಸಾಮಾನ್ಯವಾಗಿ ಒಂದೆರಡು ನಿಮಿಷದೊಳಗೆ ಹೃದಯ ಶಾಂತವಾಗುತ್ತದೆ. ಅನೇಕ ಕ್ರಮಗಳಲ್ಲಿ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಮತ್ತೆ ಕೊಡುತ್ತಾರೆ. ಯಂತ್ರದ ಬಳಿ ಕುಳಿತು ಗಡಿಯಾರವನ್ನೂ ಪ್ರಮಾಣವನ್ನೂ ನೋಡಿಕೊಳ್ಳುವವರು ಪರ್ಫ್ಯೂಷನಿಸ್ಟ್. ರೋಗಿಯ ಮನೆಯವರು ಇವರ ಮುಖ ಕಾಣುವುದೇ ಅಪರೂಪ. ಮಕ್ಕಳ ಹೃದಯಕ್ಕಾಗಿ ಪಿಟ್ಸ್‌ಬರ್ಗಿನಲ್ಲಿ ಪೆಡ್ರೊ ಡೆಲ್ ನಿಡೊ ಮತ್ತು ಸಂಗಡಿಗರು ೧೯೯೦ರ ದಶಕದಲ್ಲಿ ರೂಪಿಸಿದ ದ್ರಾವಣದಲ್ಲಿ ಲಿಡೊಕೇನ್ ಕೂಡ ಇದೆ. ಹಲ್ಲು ಕೀಳುವಾಗ ಒಸಡಿಗೆ ಚುಚ್ಚುವ ಮದ್ದೇ ಅದು. ಒಂದೇ ಸಲ ಕೊಟ್ಟರೆ ಒಂದು ಗಂಟೆಗೂ ಮಿಕ್ಕಿ ಕಾಪಾಡುವುದರಿಂದ ದೊಡ್ಡವರಲ್ಲಿಯೂ ಅದು ಬಳಕೆಗೆ ಬಂದಿದೆ. ಕೆಲಸ ಮುಗಿದು ಕ್ಲಾಂಪ್ ತೆಗೆದಾಗ ಬೆಚ್ಚನೆಯ ರಕ್ತ ಒಳನುಗ್ಗಿ ಪೊಟ್ಯಾಸಿಯಮ್ಮನ್ನು ತೊಳೆದೊಯ್ಯುತ್ತದೆ. ಎಷ್ಟೋ ವೇಳೆ ಹೃದಯ ತಾನಾಗಿಯೇ ಬಡಿಯತೊಡಗುತ್ತದೆ. ಲಯ ತಪ್ಪಿದ್ದರೆ ವಿದ್ಯುತ್ತಿನ ಒಂದು ಸಣ್ಣ ಪೆಟ್ಟಿನಿಂದ ಸರಿಪಡಿಸುತ್ತಾರೆ.

ಸಂಶೋಧನೆ ಇಲ್ಲಿಗೇ ನಿಂತಿಲ್ಲ. ೧೯೮೬ರಲ್ಲಿ ಅಮೆರಿಕದ ಮೂವರು ಸಂಶೋಧಕರು ಒಂದು ವಿಚಿತ್ರವನ್ನು ಕಂಡರು. ನಾಯಿಯ ಹೃದಯಕ್ಕೆ ಐದೈದು ನಿಮಿಷ ನಾಲ್ಕು ಸಲ ರಕ್ತ ತಡೆದು ಬಿಟ್ಟು, ಆಮೇಲೆ ೪೦ ನಿಮಿಷ ತಡೆದರೆ, ಸಾಯುವ ಸ್ನಾಯು ಸುಮಾರು ಕಾಲು ಭಾಗಕ್ಕೆ ಇಳಿಯುತ್ತಿತ್ತು. ಸಣ್ಣ ಉಪವಾಸಗಳು ದೊಡ್ಡ ಉಪವಾಸಕ್ಕೆ ಹದಗೊಳಿಸಿದಂತೆ! ಹಾಗಾದರೆ ರಕ್ತದೊತ್ತಡ ನೋಡುವ ಪಟ್ಟಿಯನ್ನು ತೋಳಿಗೆ ಕಟ್ಟಿ ಬಿಗಿದು ಬಿಟ್ಟರೂ ಹೃದಯಕ್ಕೆ ರಕ್ಷಣೆ ದೊರೆಯಬಹುದೆಂಬ ಆಸೆ ಹುಟ್ಟಿತು. ಖರ್ಚಿಲ್ಲದ ಉಪಾಯ, ಚಿಕ್ಕ ಪರೀಕ್ಷೆಗಳು ಭರವಸೆಯನ್ನೂ ಕೊಟ್ಟವು. ಆದರೆ ಬ್ರಿಟನ್ನಿನಲ್ಲಿಯೂ ಜರ್ಮನಿಯಲ್ಲಿಯೂ ಸಾವಿರಕ್ಕೂ ಮಿಕ್ಕ ರೋಗಿಗಳ ಮೇಲೆ ನಡೆದು ೧೯೮೬ರ ಸುಳಿವಿಗೆ ಸುಮಾರು ಮೂವತ್ತು ವರ್ಷಗಳ ಬಳಿಕ, ೨೦೧೫ರಲ್ಲಿ, ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ ಈ ಉಪಾಯದಿಂದ ರೋಗಿಗೆ ಪ್ರಯೋಜನ ಕಾಣಲಿಲ್ಲ. ಪ್ರಯೋಗಶಾಲೆಯ ನಾಯಿಯೂ ವಯಸ್ಸು, ಸಕ್ಕರೆ ಕಾಯಿಲೆ, ಹತ್ತಾರು ಔಷಧಗಳ ನಡುವೆ ಬದುಕುವ ಮನುಷ್ಯನೂ ಒಂದೇ ಅಲ್ಲ. ಆಸೆ ಫಲಿಸದಿದ್ದರೂ ಫಲಿಸಲಿಲ್ಲವೆಂದು ಸಾರಿ ಹೇಳಿದುದು ವೈದ್ಯವಿಜ್ಞಾನಕ್ಕೆ ಶೋಭೆ. ಮೆಲ್‌ರೋಸ್ ಕ್ರಮದ ಕುಂದನ್ನು ಮರೆಮಾಚಿದ್ದರೆ ಸರಿಯಾದ ಅಳತೆಯೂ ಸಿಗುತ್ತಿರಲಿಲ್ಲ.

ಹೃದಯದ ಶಸ್ತ್ರಕ್ರಿಯೆಯಲ್ಲಿ ಅಪಾಯವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೊದಲೇ ಬಲಗುಂದಿದ ಹೃದಯ, ಕೆಟ್ಟ ಮೂತ್ರಪಿಂಡ, ಬಹಳ ಹೊತ್ತು ಹಿಡಿಯುವ ಕೆಲಸ — ಇವುಗಳಿಂದ ಅಪಾಯ ಹೆಚ್ಚುತ್ತದೆ. ಆದ್ದರಿಂದ ರೋಗಿ ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ, ನಾಟಿ ಔಷಧವನ್ನೂ ಬಿಡದೆ, ವೈದ್ಯರಿಗೆ ತಿಳಿಸಿ. ಬೀಡಿ ಸಿಗರೇಟಿನ ಅಭ್ಯಾಸವಿದ್ದರೆ ಸಂಕೋಚದಿಂದ ಮುಚ್ಚಿಡಬೇಡಿ. ನಮ್ಮ ರೋಗಿಗೆ ಅಪಾಯ ಎಷ್ಟು, ಹೃದಯವನ್ನು ಎಷ್ಟು ಹೊತ್ತು ನಿಲ್ಲಿಸಬೇಕಾದೀತು ಎಂದು ಧಾರಾಳವಾಗಿ ಕೇಳಿ. ಅದು ಕೇಳಬೇಕಾದ ಪ್ರಶ್ನೆಯೇ. ಆದರೆ “ನಿಲ್ಲಿಸುತ್ತಾರಂತೆ” ಎಂಬ ಒಂದು ಮಾತಿಗೆ ಹೆದರಿ, ಬೇಕಾದ ಚಿಕಿತ್ಸೆಯನ್ನು ದಿನದಿಂದ ದಿನಕ್ಕೆ ಮುಂದೂಡಬೇಡಿ.