ಕಾಡಿನ ಬೇಟೆ ಮತ್ತು ಮನೆಯ ಗಂಜಿ

(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷದ ಹೊತ್ತಿನಲ್ಲಿ ಬೇಟೆಯ ವಿಷಯ ಯಾಕಪ್ಪಾ ಅಂತ ಕೆಲವರಿಗೆ ಅನಿಸಬಹುದು. ಸಾಲ, ಗೊಬ್ಬರ, ಬೀಜದ ಮಾತು ಪ್ರತಿ ವಾರ್ಷಿಕ ಸಭೆಯಲ್ಲೂ ಆಗುತ್ತದೆ. ಬೇಟೆಯ ಮಾತು ಮಾತ್ರ ಯಾವ ಸಭೆಗೂ ಬರುವುದಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ. ನಡುವಿನ ಗದ್ದೆ-ತೋಟದಲ್ಲಿ ನಮ್ಮ ಬದುಕು. ಘಟ್ಟದ ಬುಡದ ಊರುಗಳಲ್ಲಿ ಕೋವಿ, ಉರುಳಿನ ಕಥೆ ಕೇಳದವರು ಯಾರಿದ್ದಾರೆ?

ಹಿಂದಿನವರನ್ನು ದೂರುವುದು ನನ್ನ ಉದ್ದೇಶ ಅಲ್ಲ. ಬ್ರಿಟಿಷರ ಕಾಲದಲ್ಲಿ ಕುಮರಿ ಬೇಸಾಯಕ್ಕೆ ತಡೆ ಬಿದ್ದು ಗುಡ್ಡದ ಮೇಲಿನವರ ರಾಗಿ ತಪ್ಪಿತು. ಆಷಾಢ ಬಂತೆಂದರೆ ಕಡಲಿಗೆ ದೋಣಿ ಇಳಿಯದು, ಕಣಜದಲ್ಲಿ ಭತ್ತ ಇಲ್ಲ, ಕೂಲಿ ಇಲ್ಲ. ಅಂಥ ದಿನಗಳಲ್ಲಿ ಒಂದು ಹಂದಿ, ಒಂದು ಬರ್ಕ, ಒಂದು ಕಾಡುಕೋಳಿ ಸಿಕ್ಕರೆ ಮಕ್ಕಳ ಹೊಟ್ಟೆ ತುಂಬುತ್ತಿತ್ತು. ಸಿಕ್ಕಿದ್ದನ್ನು ಪಾಲು ಹಾಕುತ್ತಿದ್ದರು. ಗುಂಡು ಹೊಡೆದವನಿಗೆ, ಪ್ರಾಣಿ ಎಬ್ಬಿಸಲು ಹೋದವರಿಗೆ, ನಾಯಿ ಸಾಕಿದವನಿಗೆ, ಕೊನೆಗೆ ನೆರೆಮನೆಗೂ ಒಂದು ತುಂಡು. ಹಸಿವಿನ ಕಾಲದ ವ್ಯವಸ್ಥೆ ಅದು.

ಈಗ ಏನಾಗಿದೆ ನೋಡಿ. ಪಾಲು ಹೋಗಿ ಮಾರಾಟ ಬಂದಿದೆ. ಕಾಡಿನ ಮಾಂಸ ಹೆಚ್ಚು ಬೆಲೆಗೆ ಹೋಗುವುದು ಹಸಿದವರ ಮನೆಗಲ್ಲ, ಹಣ ಇದ್ದವರ ಔತಣಕ್ಕೆ. ಸಿಕ್ಕಿಬೀಳುವವನು ಮಾತ್ರ ರಾತ್ರಿ ಕೋವಿ ಹೊತ್ತ ಕೂಲಿಯವ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಕ್ಕೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಮೊದಲ ಪಟ್ಟಿಯ ಪ್ರಾಣಿಯಾದರೆ, ಅಥವಾ ಅಭಯಾರಣ್ಯದ ಒಳಗೆ ಬೇಟೆಯಾದರೆ, ಮೂರರಿಂದ ಏಳು ವರ್ಷ ಜೈಲು. ಸಿಂಗಳೀಕಗಳಿಗಾಗಿ 2019ರಲ್ಲಿ ಘೋಷಿಸಿದ ಶರಾವತಿ ಕಣಿವೆ ಅಭಯಾರಣ್ಯ ಸುಮಾರು 930 ಚದರ ಕಿಲೋಮೀಟರ್. ಹೊನ್ನಾವರ ಸೀಮೆಯ ಕಾಡೂ ಅದರಲ್ಲಿ ಸೇರಿದೆ. ಮನೆಯ ದುಡಿಯುವ ಗಂಡಸು ಜೈಲಿಗೆ ಹೋದರೆ ಆ ಮನೆಯ ಒಲೆ ಹೊತ್ತಿಸುವವರು ಯಾರು? ಔತಣ ಉಂಡವರು ಬರುತ್ತಾರೆಯೇ?

ಜೀವದ ಭಯವೂ ಉಂಟು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗೊತ್ತಾದ ಮಂಗನಕಾಯಿಲೆ ಘಟ್ಟ ಇಳಿದು ನಮ್ಮ ತಾಲೂಕುಗಳಿಗೂ ಬಂದಿದೆ. ಇದು ಹರಡುವುದು ಉಣುಗಿನಿಂದ. ಕಾಡು ಸುತ್ತುವವರಿಗೆ, ಸತ್ತ ಮಂಗನನ್ನು ಮುಟ್ಟುವವರಿಗೆ ಅಪಾಯ ಹೆಚ್ಚು. ಮಂಗ ಸತ್ತದ್ದು ಕಂಡರೆ ಮುಟ್ಟಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಇನ್ನು ಹಂದಿಗೆಂದು ಇಟ್ಟ ಸಿಡಿಮದ್ದಿನ ಉಂಡೆ ಮೇಯಲು ಹೋದ ದನದ ಬಾಯಲ್ಲಿ ಸಿಡಿದರೆ ಹಾಲು ಕರೆಯುವ ಮನೆಗೇ ನಷ್ಟ.

"ಭಾಷಣ ಸುಲಭ ಮಾರಾಯ್ರೆ, ಒಂದೇ ರಾತ್ರಿಯಲ್ಲಿ ಹಂದಿ ಗದ್ದೆ ಉತ್ತು ಹಾಕ್ತದೆ, ಮಂಗ ಎಳನೀರು ಬಿಡೂದಿಲ್ಲ, ನಾವೇನು ಮಾಡೂದು?" ಅಂತ ನೀವು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಬೆಳೆ ಕಳೆದುಕೊಂಡವನಿಗೆ ಪರಿಹಾರ ಕೊಡದೆ ಕಾಡು ಉಳಿಸಿ ಅಂದರೆ ಯಾರೂ ಕೇಳುವುದಿಲ್ಲ. ಬೆಳೆ ಹಾಳು ಮಾಡುವ ಎರಡನೇ ಪಟ್ಟಿಯ ಪ್ರಾಣಿಯ ಬಗ್ಗೆ ಅಧಿಕಾರಿಗಳು ಲಿಖಿತ ಅನುಮತಿ ಕೊಡಲು ಕಾಯ್ದೆಯಲ್ಲೇ ಅವಕಾಶವಿದೆ; ಕಾಡುಹಂದಿ ಆ ಪಟ್ಟಿಯಲ್ಲಿದೆ. ಆದರೆ ಹಾಗೆ ಹೊಡೆದ ಪ್ರಾಣಿಯೂ ಸರ್ಕಾರದ ಸ್ವತ್ತು, ಸಾರಿಗೆ ಸೇರುವಂತಿಲ್ಲ. ಬೆಳೆನಷ್ಟಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಬಹುದು. ಪಹಣಿ, ಫೋಟೋ, ಅರ್ಜಿ ಅಂತ ಅಲೆಯುವುದು ಒಬ್ಬ ಬಡ ರೈತನಿಗೆ ಕಷ್ಟ. ಸಂಘದ ಕಚೇರಿಯಲ್ಲೇ ಅರ್ಜಿ ಬರೆದು ಕಳಿಸುವ ಏರ್ಪಾಡು ಆಗಲಿ. ಒಬ್ಬೊಬ್ಬರೇ ಬೇಲಿ ಹಾಕುವ ಬದಲು ಇಡೀ ಬಯಲಿಗೆ ಒಟ್ಟಾಗಿ ಬೇಲಿ ಹಾಕಲು ಸಂಘ ಸಾಲ ಕೊಡಲಿ.

ಹೊಟ್ಟೆಯ ಮಾತಿಗೆ ಬರೋಣ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ತಲೆಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕಾರ್ಡಿಗೆ 35 ಕಿಲೋ ಧಾನ್ಯದ ಹಕ್ಕಿದೆ. ಅಕ್ಕಿಯ ಚಿಂತೆ ಅಷ್ಟು ಕಡಿಮೆಯಾಯಿತು. ಆದರೆ ಬರಿ ಅನ್ನದಿಂದ ಮಕ್ಕಳು ಗಟ್ಟಿಯಾಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ಬಂಗಡೆ, ತಾರ್ಲೆ ಬಡವನ ಕೈಗೆ ಎಟಕುವುದಿಲ್ಲ. ಬೇಟೆಯ ಆಸೆ ಹುಟ್ಟುವುದೂ ಆಗಲೇ. ಈ ಎರಡು ತಿಂಗಳನ್ನು ನಾವು ತುಂಬಿಸಬೇಕು.

ದಾರಿ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಬೆಳೆಸಿದ ಗಿರಿರಾಜ ಕೋಳಿ ಹಿತ್ತಲಲ್ಲೇ ಮೇಯ್ದು ಬೆಳೆಯುತ್ತದೆ. ಹೆಣ್ಣುಮಕ್ಕಳ ಗುಂಪಿಗೆ ಹತ್ತು ಮರಿ, ಒಂದು ಗೂಡಿನಷ್ಟು ಸಣ್ಣ ಸಾಲ ಕೊಟ್ಟರೆ ಮಳೆಗಾಲದಲ್ಲಿ ಮೊಟ್ಟೆಯೂ ಉಂಟು, ಕೈಗೆ ಕಾಸೂ ಉಂಟು. ಬೇಸಿಗೆಯಲ್ಲೇ ಒಣಮೀನು ಒಟ್ಟಾಗಿ ಖರೀದಿಸಿ ಸಂಘದ ಅಂಗಡಿಯಲ್ಲಿ ಇಟ್ಟರೆ ಮಧ್ಯವರ್ತಿಯ ಲಾಭ ತಪ್ಪುತ್ತದೆ. ಕುಮಟೆಯ ಗಜನಿಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ, ಅಘನಾಶಿನಿ ಅಳಿವೆಯ ಬಳಚು, ಇವು ನಮ್ಮ ಹಿರಿಯರು ಬಿಟ್ಟುಹೋದ ಕಣಜ. 2024ರಲ್ಲಿ ಆ ಅಳಿವೆ ರಾಮ್ಸಾರ್ ತಾಣವಾಗಿ ಜಗತ್ತಿನ ಪಟ್ಟಿಗೆ ಸೇರಿತು. ಅಲ್ಲಿ ಮರಳು ತೆಗೆದು ಬಳಚಿನ ನೆಲೆ ಕೆಡಿಸಿದರೆ ಅದೂ ಬಡವನ ತಟ್ಟೆಗೇ ಕೈಹಾಕಿದಂತೆ.

ಕೋವಿ ಕೆಳಗಿಡು ಅಂತ ಹೇಳುವ ಮೊದಲು ಅವನ ಮನೆಯಲ್ಲಿ ಮಳೆಗಾಲಕ್ಕೆ ಏನಿದೆ ಅಂತ ಕೇಳುವುದು ಸಹಕಾರದ ಧರ್ಮ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಕೋಳಿ ಸಾಲ, ಸಾಮೂಹಿಕ ಬೇಲಿ, ಬೆಳೆನಷ್ಟದ ಅರ್ಜಿ ಈ ಮೂರನ್ನೂ ಸೇರಿಸಬೇಕೆಂದು ಆಡಳಿತ ಮಂಡಳಿಯಲ್ಲಿ ವಿನಂತಿಸುತ್ತೇನೆ.

ಜೈ ಸಹಕಾರ.