ಹಿತ್ತಲ ಗುಂಡಿಯ ಸೂತಕ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತು)

 

ಕಾಯಕದ ಬಗ್ಗೆ ಮಾತಾಡಿರೆಂದು ಸಮಿತಿಯವರು ಹೇಳಿದ್ದಾರೆ. ನಾನು ಶೌಚಾಲಯದ ಗುಂಡಿಯ ಬಗ್ಗೆ ಮಾತಾಡುತ್ತೇನೆ. ಪ್ರಸಾದಕ್ಕೆ ಮುಂಚೆ ಇದು ಬೇಕಿತ್ತೇ ಎಂದು ಕೆಲವರು ಮುಖ ಸಿಂಡರಿಸಬಹುದು. ಹಾಗೆ ಸಿಂಡರಿಸುವುದೇ ಇಂದಿನ ವಿಷಯ.

ಪೇಟೆಯವರ ಹೊಲಸನ್ನು ಒಳಚರಂಡಿ ಒಯ್ಯುತ್ತದೆ. ಹಳ್ಳಿಯಲ್ಲಿ ನಮ್ಮದು ನಮ್ಮ ಹಿತ್ತಲಲ್ಲೇ ಉಳಿಯುತ್ತದೆ. 2014ರ ಸ್ವಚ್ಛ ಭಾರತದಿಂದೀಚೆಗೆ 12,000 ರೂಪಾಯಿ ಸಹಾಯಧನದಲ್ಲಿ ಮನೆಮನೆಗೆ ಶೌಚಾಲಯ ಬಂದವು, ಸಂತೋಷ. ಆದರೆ ಬಹಳ ಜನ ಸಿಮೆಂಟ್ ರಿಂಗ್ ಇಳಿಸಿ ಒಂದೇ ಆಳದ ಗುಂಡಿ ತೋಡಿಸಿದರು. ನಮ್ಮ ಕಾಲಕ್ಕೆ ತುಂಬೋದಿಲ್ಲ ಬಿಡ್ರಿ ಎನ್ನುವ ಲೆಕ್ಕ. ತುಂಬುತ್ತದೆ. ಅಂತರ್ಜಲ ಮೇಲಿರುವ ಕಡೆ ಬಾವಿಗೂ ಸೇರುತ್ತದೆ. ಆಗ ಯಾವ ಕೇರಿಗೆ ಹೇಳಿಕಳಿಸುತ್ತೇವೆ ಎಂಬುದು ಇಲ್ಲಿ ಕುಳಿತವರಿಗೆಲ್ಲ ಗೊತ್ತು.

ಮುಚ್ಚಿದ ಗುಂಡಿಯೊಳಗೆ ಹೈಡ್ರೋಜನ್ ಸಲ್ಫೈಡ್ ಕೂಡಿರುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಅದು ಹೆಚ್ಚಾದರೆ ಮೂಗು ವಾಸನೆ ಹಿಡಿಯುವುದನ್ನೇ ಬಿಡುತ್ತದೆ. ವಾಸನೆ ಹೋಯಿತೆಂದು ಇಳಿದವನು ಅಂದುಕೊಳ್ಳುವಷ್ಟರಲ್ಲಿ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ತಮ್ಮನೂ ಅಲ್ಲೇ ಬೀಳುತ್ತಾನೆ. ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಟ್ಯಾಂಕಿಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಚರಂಡಿಯಲ್ಲಿ ಸತ್ತವರ ಕುಟುಂಬದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ನಮ್ಮ ಸವಣೂರಿನಲ್ಲೇ 2010ರಲ್ಲಿ ಮಲ ಹೊರುವ ಕುಟುಂಬದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಬಸವಣ್ಣನ ನಾಡಿನಲ್ಲಿ.

ಎಲ್ಲ ಕಾಯಕವೂ ಸಮಾನವಲ್ಲವೇ, ಅದು ಅವರ ಕಾಯಕ ಎಂದು ಜಾಣತನದಿಂದ ಹೇಳುವವರಿದ್ದಾರೆ. ಹುಟ್ಟಿನಿಂದ ಹೇರಿದ್ದು, ಜೀವ ತೆಗೆಯುವುದು ಕಾಯಕ ಹೇಗಾದೀತು?

ನಮ್ಮ ಮನೆಗೆ ಎರಡು ಸಣ್ಣ ಗುಂಡಿ ಮಾಡಿಸಿದ್ದೇವೆ. ಸುಮಾರು 4 ಅಡಿ ಆಳ, ಅಷ್ಟೇ ದೂರದೂರ, ಬಾವಿಯಿಂದ 35 ಅಡಿ ಆಚೆ. ಇಟ್ಟಿಗೆಯನ್ನು ಜೇನುಗೂಡಿನಂತೆ ಸಂದು ಬಿಟ್ಟು ಕಟ್ಟಬೇಕು. ತಳಕ್ಕೆ ಸಿಮೆಂಟ್ ಬೇಡ, ನೀರು ಮಣ್ಣಿಗೆ ಇಂಗಬೇಕು. ಬಚ್ಚಲ ನೀರು ಇದಕ್ಕೆ ಬರಬಾರದು, ಅದನ್ನು ಬಾಳೆಯ ಬುಡಕ್ಕೆ ಬಿಡಿ. ಐದಾರು ಜನರ ಮನೆಗೆ ಒಂದು ಗುಂಡಿ ತುಂಬಲು ಸುಮಾರು 3 ವರ್ಷ. ತುಂಬಿದರೆ ಚೇಂಬರಿನಲ್ಲಿ ಅಡ್ಡ ಇಟ್ಟಿದ್ದನ್ನು ಬದಲಿಸಿ ಇನ್ನೊಂದಕ್ಕೆ ತಿರುಗಿಸುವುದು. ಮುಚ್ಚಿದ್ದನ್ನು 2 ವರ್ಷ ಮುಟ್ಟಬಾರದು. ಅವಸರ ಮಾಡಿದರೆ ಜಂತುಹುಳುವಿನ ಮೊಟ್ಟೆ ಸತ್ತಿರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಮೊದಲ ಗುಂಡಿಯ ಮುಚ್ಚಳ ತೆಗೆದು, ಒಂದು ದಿನ ಗಾಳಿಗೆ ಬಿಟ್ಟು, ನಾನೂ ಮಗನೂ ಸಲಿಕೆ ಹಿಡಿದೆವು. ಕರಿಮಣ್ಣಿನಂಥ ಗೊಬ್ಬರ, ವಾಸನೆಯಿಲ್ಲ. ಬುಟ್ಟಿಯಲ್ಲಿ ತುಂಬಿ ತೆಂಗಿನ ಬುಡಕ್ಕೆ ಹಾಕಿದೆವು. ಬೇಲಿಯಾಚೆಯಿಂದ ಹಿರಿಯರೊಬ್ಬರು, “ಕೊರಳಾಗ ಲಿಂಗ ಇಟ್ಟುಕೊಂಡು ಇದನ್ನ ಮುಟ್ತೀಯೇನೋ ತಮ್ಮಾ?” ಎಂದರು.

“ಲಿಂಗ ಐತಿ ಅಂತನ ಮುಟ್ಟೀನ್ರೀ ಅಜ್ಜಾರ,” ಎಂದೆ.

ಜಾತಿ, ಜನನ, ಮರಣ, ರಜಸ್ಸು, ಉಚ್ಛಿಷ್ಟ, ಈ ಐದೂ ಸೂತಕ ಲಿಂಗಧಾರಿಗೆ ಇಲ್ಲವೆಂದು ಶರಣರು ಸಾರಿದರು. ಹೆತ್ತ ಮನೆಯಲ್ಲೂ ಸತ್ತ ಮನೆಯಲ್ಲೂ ಈ ಮಾತು ಹೇಳುವ ನಾವು ಹಿತ್ತಲಿಗೆ ಬಂದರೆ ಆರನೆಯ ಸೂತಕವೊಂದನ್ನು ಹುಟ್ಟಿಸಿಕೊಂಡಿದ್ದೇವೆ. ಕಸ ಗುಡಿಸುವ ಕಾಯಕದ ಸತ್ಯಕ್ಕನನ್ನು ಶರಣೆ ಎಂದು ಕೈಮುಗಿಯುತ್ತೇವೆ. ಗುಂಡಿ ಬಳಿದು ಬಂದವನನ್ನು ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟ ಮನೆ ನಮ್ಮಲ್ಲಿ ಎಷ್ಟು?

ಆಳದ ಗುಂಡಿ ಇರುವವರು ಸಕ್ಕಿಂಗ್ ಗಾಡಿ ತರಿಸಿ, ಅದು ಹಳ್ಳಕ್ಕೆ ಸುರಿಯದಂತೆ ನೋಡಿಕೊಳ್ಳಿ. ಜಾಗ ಇದ್ದವರು ಎರಡು ಗುಂಡಿಗೆ ಬದಲಿಸಿ. ಮೇಸ್ತ್ರಿಗೆ ಅಳತೆ ಹೇಳಲು ನಾನೇ ಬರುತ್ತೇನೆ. ಸಮಿತಿಯವರಲ್ಲಿ ಒಂದೇ ವಿನಂತಿ: ಜಾತ್ರೆಗೆ ಮುಂಚೆ ದಾಸೋಹ ಮನೆಯ ಹಿಂದಿನ ಟ್ಯಾಂಕ್ ಖಾಲಿ ಮಾಡಿಸಬೇಕಾಗಿದೆ. ಆ ಗುತ್ತಿಗೆ ಪತ್ರದಲ್ಲಿ, ಯಾವ ಮನುಷ್ಯನೂ ಒಳಗೆ ಇಳಿಯತಕ್ಕದ್ದಲ್ಲ ಎಂದು ಬರೆಸಿ, ಅದನ್ನು ಮಠದ ಬಾಗಿಲಿಗೆ ಅಂಟಿಸಿ.